ಕರೆ ಬಂದಿಲ್ಲವೆಂದರೆ ಮಾತ್ರೆ ನುಂಗಿಲ್ಲವೆಂದಲ್ಲ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ
ಪ್ರತಿ: ಎಲ್ಲ ಜಿಲ್ಲೆಗಳ ಕ್ಷಯರೋಗ ನಿರ್ಮೂಲನಾಧಿಕಾರಿಗಳಿಗೆ

ವಿಷಯ: ಟಿಬಿ ರೋಗಿಗಳ ಮಾತ್ರೆ ಸೇವನೆಯನ್ನು ಮೊಬೈಲ್ ಮೂಲಕ ಗಮನಿಸುವ ವ್ಯವಸ್ಥೆಯನ್ನು ನಡೆಸುವ ಬಗೆ

ಮಾನ್ಯರೇ,

ರೋಗಿ ಇವತ್ತಿನ ಮಾತ್ರೆ ನುಂಗಿದರೋ ಇಲ್ಲವೋ ಎಂದು ತಿಳಿಯಲು ಮೊಬೈಲ್ ಬಳಸುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮಾತ್ರೆ ನುಂಗಿದ ದಿನ ರೋಗಿ ಒಂದು ನಂಬರಿಗೆ ಕರೆ ಮಾಡಬೇಕು, ಆ ಕರೆಯೇ ಲೆಕ್ಕ. ಅದು ಬೇಡ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಫೋನಿನಿಂದ ಬಂದ ಅಂಕಿಯನ್ನು ಹಾಜರಿ ಪುಸ್ತಕದಂತೆ ಓದುವ ರೂಢಿಯ ಮೇಲೆ ನಮ್ಮ ತಕರಾರು. ತಿಂಗಳ ರಿವ್ಯೂ ಮೀಟಿಂಗ್‌ನಲ್ಲಿ "ನಿಮ್ಮ ಯೂನಿಟ್‌ನಲ್ಲಿ ಎಷ್ಟು ಪರ್ಸೆಂಟ್ ಕರೆ ಬಂದಿದೆ?" ಎಂದು ಕೇಳುತ್ತಾರೆ. ಅದರ ಬದಲು "ಕರೆ ನಿಂತವರ ಮನೆಗೆ ಎಷ್ಟು ದಿನದೊಳಗೆ ಯಾರು ಹೋದರು, ಅಲ್ಲಿ ಏನು ಕಂಡರು?" ಎಂದು ಕೇಳಿ. ನಮ್ಮ ಮುಖ್ಯ ಕೋರಿಕೆ ಇದು. ಅದಕ್ಕೆ ಕಾರಣವೇನು, ಮಾಡುವುದು ಹೇಗೆ ಎಂಬುದನ್ನು ಮುಂದೆ ಬರೆದಿದ್ದೇವೆ.

ಮೊದಲು ಮಾತ್ರೆಯ ಲೆಕ್ಕ. ಔಷಧಕ್ಕೆ ಬಗ್ಗುವ ಸಾಮಾನ್ಯ ಟಿಬಿಗೆ ಮೊದಲ ಎರಡು ತಿಂಗಳು 56 ಡೋಸ್, ಆಮೇಲೆ ನಾಲ್ಕು ತಿಂಗಳು 112 ಡೋಸ್, ಒಟ್ಟು 168. ಮೊದಲ ಹಂತದ ಒಂದೊಂದು ಮಾತ್ರೆಯಲ್ಲೂ ಐಸೋನಿಯಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬುಟಾಲ್ 275 ಮಿಲಿಗ್ರಾಂ ಸೇರಿರುತ್ತವೆ. ಎರಡನೇ ಹಂತದಲ್ಲಿ ಪೈರಜಿನಮೈಡ್ ಇರುವುದಿಲ್ಲ. ದೊಡ್ಡವರಲ್ಲಿ 25ರಿಂದ 34 ಕೆಜಿ ತೂಗುವವರಿಗೆ ದಿನಕ್ಕೆ 2 ಮಾತ್ರೆ, 35ರಿಂದ 49 ಕೆಜಿಯವರಿಗೆ 3, 50ರಿಂದ 64 ಕೆಜಿಯವರಿಗೆ 4, 65ರಿಂದ 75 ಕೆಜಿಯವರಿಗೆ 5. ತೂಕ 5 ಕೆಜಿಗಿಂತ ಹೆಚ್ಚು ಏರಿ ಮುಂದಿನ ಗುಂಪಿಗೆ ಹೋದರೆ ಮಾತ್ರೆಯ ಸಂಖ್ಯೆಯೂ ಬದಲಾಗಬೇಕು. ಚೆನ್ನಾಗಿ ಊಟ ಮಾಡಿ ಮೈ ತುಂಬಿಕೊಂಡ ರೋಗಿ ಹಳೆಯ ತೂಕದ ಡೋಸನ್ನೇ ಒಂದು ದಿನವೂ ತಪ್ಪಿಸದೆ ನುಂಗುತ್ತಿದ್ದರೆ ಫೋನಿನ ದಾಖಲೆ ಅಪ್ಪಟವಾಗಿರುತ್ತದೆ, ಔಷಧ ಮಾತ್ರ ಸಾಲದೆ ಹೋಗುತ್ತದೆ. ಫೋನ್ ದಾಖಲೆ ಚೆನ್ನಾಗಿದೆಯೆಂದು ತಿಂಗಳ ತೂಕ ನೋಡುವುದನ್ನು ಬಿಡುವ ಹಾಗಿಲ್ಲ.

ಮಾತ್ರೆ ಬಿಡುವವರು ಬಹುಪಾಲು ಉಡಾಫೆಯಿಂದ ಬಿಡುವುದಿಲ್ಲ. ಎರಡನೇ ತಿಂಗಳ ಹೊತ್ತಿಗೆ ಕೆಮ್ಮು ನಿಂತಿರುತ್ತದೆ, ಜ್ವರ ಹೋಗಿರುತ್ತದೆ, ಕೂಲಿಗೆ ಹೋಗುವಷ್ಟು ತ್ರಾಣ ಬಂದಿರುತ್ತದೆ. "ಈಗ ಆರಾಮಿದೀನಲ್ಲ" ಎನ್ನಿಸುವುದು ಸಹಜ. ಖಾಲಿ ಹೊಟ್ಟೆಯಲ್ಲಿ ನಾಲ್ಕು ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಹಾಗೆಂದು ಬೆಳಗಿನ ಕೂಲಿ ಬಿಟ್ಟು ಕೂರಲೂ ಆಗುವುದಿಲ್ಲ. ಕುಡಿತವಿದ್ದರೆ ಲೆಕ್ಕವೇ ತಪ್ಪುತ್ತದೆ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣವಿರುವಾಗ ಎಲ್ಲರ ಫೋನಿಗೂ ಬೆಳಿಗ್ಗೆ ಒಂಬತ್ತಕ್ಕೆ "ಮಾತ್ರೆ ತೆಗೆದುಕೊಳ್ಳಿ" ಎಂದು ಒಂದೇ ಸಂದೇಶ ಹೋದರೆ, ನಿಜವಾಗಿ ಮರೆತವರಿಗಷ್ಟೇ ಅದು ನೆರವಾಗುತ್ತದೆ. ಮರೆವಿನಿಂದ ಬಿಡುವವರು ಇವರಲ್ಲಿ ಒಂದು ಪಾಲು, ಅಷ್ಟೇ.

ಇನ್ನು ಫೋನಿನ ವಿಷಯ. ನಮ್ಮಲ್ಲಿ ಹೆಚ್ಚು ಬಳಕೆಗೆ ಬಂದ 99ಡಾಟ್ಸ್ ಹುಟ್ಟಿದ್ದು ಬೆಂಗಳೂರಿನಲ್ಲೇ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಶುರುವಾಗಿ, ಎವರ್‌ವೆಲ್ ಸಂಸ್ಥೆಯ ಮೂಲಕ ಬೆಳೆಯಿತು. ಟಿಬಿ ಮತ್ತು ಎಚ್‌ಐವಿ ಎರಡೂ ಇದ್ದವರಿಗೆ ದಿನನಿತ್ಯದ ಮಾತ್ರೆ ಆರಂಭಿಸಿದಾಗ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಗಳಲ್ಲಿ ಇದನ್ನು ಮೊದಲು ತಂದರು. ಮಾತ್ರೆಯ ಸ್ಟ್ರಿಪ್ಪಿಗೆ ಒಂದು ರಟ್ಟಿನ ಕವಚ ಅಂಟಿಸಿರುತ್ತಾರೆ. ಮಾತ್ರೆಯನ್ನು ಒತ್ತಿ ಹೊರತೆಗೆದಾಗ ಕವಚ ಹರಿದು ಹಿಂದೆ ಅಡಗಿಸಿಟ್ಟ ನಂಬರ್ ಕಾಣುತ್ತದೆ. ಆ ನಂಬರಿಗೆ ರೋಗಿ ಉಚಿತವಾಗಿ ಕರೆ ಮಾಡಬೇಕು. ಮುಂದಿನ ನಂಬರ್ ಯಾವುದೆಂದು ಮೊದಲೇ ಊಹಿಸಲಾಗದ್ದರಿಂದ, ಸರಿಯಾದ ಕರೆ ಬಂದರೆ ಇವತ್ತಿನ ಮಾತ್ರೆ ಕವಚದಿಂದ ಹೊರಬಂದಿದೆ ಎಂದು ತಿಳಿಯುತ್ತದೆ. ಕರೆ ಬಂದ ಫೋನ್ ನಂಬರನ್ನು ರೋಗಿಯ ಹೆಸರಿಗೆ ಹೊಂದಿಸಿ, ಸರ್ಕಾರ ಟಿಬಿ ರೋಗಿಗಳ ದಾಖಲೆ ಇಡುವ ನಿಕ್ಷಯ್ ಪೋರ್ಟಲ್‌ನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಬೀಳುತ್ತದೆ. ಸ್ಮಾರ್ಟ್‌ಫೋನ್ ಬೇಡ, ಡೇಟಾ ಬೇಡ, ಓದು ಬರಹ ಬಾರದವರೂ ಅಂಕಿ ನೋಡಿ ಒತ್ತಬಹುದು. ಅಗ್ಗದ, ಜಾಣತನದ ಉಪಾಯವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಮಾತ್ರೆ ಕವಚದಿಂದ ಹೊರಬಂದದ್ದಷ್ಟೇ ಇದಕ್ಕೆ ಗೊತ್ತು, ಬಾಯಿಗೆ ಹೋದದ್ದು ಗೊತ್ತಿಲ್ಲ. ಬಾಯಿಗೆ ಹೋಗಿಯೂ ಕರೆ ಬಾರದಿರಲು ಹತ್ತಾರು ದಾರಿಗಳಿವೆ.

ಸಿಮ್‌ನ ವ್ಯಾಲಿಡಿಟಿ ಮುಗಿದರೆ ಹೊರಹೋಗುವ ಕರೆ ಬಂದ್ ಆಗುತ್ತದೆ. ಕರೆ "ಉಚಿತ" ಎಂದು ನಾವು ಹೇಳಿದರೂ ರೀಚಾರ್ಜ್ ಇಲ್ಲದ ಫೋನಿಗೆ ಆ ಮಾತು ತಲುಪುವುದಿಲ್ಲ. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಲೇಬೇಕು ಎಂದು ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ನಿಯಮ ಮಾಡಿದೆ. ಕೀಪ್ಯಾಡ್ ಫೋನಿನ ರೋಗಿಗೆ ಇದು ಕೆಲಸಕ್ಕೆ ಬರುವ ಮಾಹಿತಿ, ಹೇಳುವವರು ಬೇಕು. ಫೋನು ಮನೆಗೊಂದೇ ಇದ್ದು ಗಂಡನೋ ಮಗನೋ ಬೆಳಿಗ್ಗೆ ಅದನ್ನು ಜೇಬಿಗಿಟ್ಟುಕೊಂಡು ಹೋದರೆ ಹೆಂಗಸು ಕರೆ ಮಾಡುವುದು ರಾತ್ರಿಯೇ, ಅದೂ ನೆನಪಾದರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ದೇಶದಲ್ಲಿ ನೂರಕ್ಕೆ 54. ನೆರೆಮನೆಯ ಫೋನಿನಿಂದ ಮಾಡಿದ ಕರೆ ಯಾರ ಖಾತೆಗೂ ಸೇರುವುದಿಲ್ಲ, ಏಕೆಂದರೆ ನೋಂದಾಯಿಸಿದ ನಂಬರಿನಿಂದ ಬಂದರೆ ಮಾತ್ರ ಅದಕ್ಕೆ ಹೆಸರು ಸಿಗುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಕರೆ ಯಾವ ಸಿಮ್‌ನಿಂದ ಹೋಯಿತೆಂದು ಯಾರೂ ನೋಡುವುದಿಲ್ಲ. ನಮ್ಮ ಕಣ್ಣಿಗೆ ಅತಿ ಹೆಚ್ಚು ಬಿದ್ದಿರುವ, ಅತಿ ಸುಲಭವಾಗಿ ಸರಿಪಡಿಸಬಹುದಾದ ತಪ್ಪು ಇದೇ: ನೋಂದಾಯಿಸಿದ್ದು ಒಂದನೇ ಸಿಮ್, ಕರೆ ಹೋಗುತ್ತಿರುವುದು ಎರಡನೆಯದರಿಂದ. ಮಲೆನಾಡಿನ ಎಸ್ಟೇಟ್ ಲೈನುಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಜಾಗಗಳು ಇನ್ನೂ ಇವೆ.

ಕವಚದ್ದೂ ಒಂದು ಕತೆ. ಸರಬರಾಜು ಏರುಪೇರಾದಾಗ ಮೊದಲು ಮಾಯವಾಗುವುದು ಅದೇ. 2024ರ ಮಾರ್ಚ್‌ನಲ್ಲಿ ಟಿಬಿ ಮಾತ್ರೆಗಳನ್ನು ಸ್ಥಳೀಯವಾಗಿ ಖರೀದಿಸಿಕೊಳ್ಳಿ ಎಂದು ಕೇಂದ್ರ ರಾಜ್ಯಗಳಿಗೆ ಬರೆದದ್ದು ತಮಗೆ ನೆನಪಿದೆ. ಅಂಗಡಿಯಿಂದ ತಂದ ಸ್ಟ್ರಿಪ್ಪಿನ ಹಿಂದೆ ನಂಬರ್ ಇರುವುದಿಲ್ಲ. ರೋಗಿ ಏನು ಮಾಡಬೇಕು? ಹಳೆಯ ನಂಬರಿಗೇ ರೀಡಯಲ್ ಒತ್ತುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಮಾತ್ರೆಯೇ ಇಲ್ಲದ ವಾರದಲ್ಲಿ "ಮಾತ್ರೆ ನುಂಗಿ" ಎಂಬ ಸಂದೇಶ ಬರುವುದು ಇನ್ನೂ ವಿಪರೀತ. ದಾಸ್ತಾನಿನ ಲೆಕ್ಕಕ್ಕೂ ಜ್ಞಾಪನೆಯ ವ್ಯವಸ್ಥೆಗೂ ನಂಟಿಲ್ಲದಿದ್ದರೆ ಹೀಗೇ ಆಗುವುದು.

ಚೆನ್ನೈ, ವೆಲ್ಲೂರು, ಮುಂಬೈಗಳಲ್ಲಿ ಸಂಶೋಧಕರು ಮೊದಲೇ ತಿಳಿಸದೆ ರೋಗಿಗಳ ಮನೆಗೆ ಹೋಗಿ ಮೂತ್ರದಲ್ಲಿ ಐಸೋನಿಯಜಿಡ್ ಇದೆಯೇ ಎಂದು ಪರೀಕ್ಷಿಸಿ, ಅದನ್ನು 99ಡಾಟ್ಸ್ ದಾಖಲೆಯ ಪಕ್ಕದಲ್ಲಿಟ್ಟು ನೋಡಿದ್ದಾರೆ. ಎರಡೂ ಕಡೆ ತಪ್ಪು ಕಂಡಿತು. ಮಾತ್ರೆ ನುಂಗಿದ್ದರೂ ಕರೆ ಮಾಡದವರು ಇದ್ದರು, ಕರೆ ದಾಖಲಾಗಿದ್ದರೂ ಮೂತ್ರದಲ್ಲಿ ಔಷಧದ ಸುಳಿವಿಲ್ಲದವರೂ ಇದ್ದರು. ಅಂದರೆ ಈ ದಾಖಲೆ ಸಾಕ್ಷಿಯಾಗಿ ನಿಲ್ಲುವುದಿಲ್ಲ, ಸುಳಿವಾಗಿ ಮಾತ್ರ ಬಳಕೆಗೆ ಬರುತ್ತದೆ.

ಹೊರಗಿನ ಅನುಭವವೂ ಇದೇ ದಿಕ್ಕಿನಲ್ಲಿದೆ. ಚೀನಾದಲ್ಲಿ 36 ಜಿಲ್ಲೆ-ಕೌಂಟಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾತ್ರೆ ಸರಿಯಾಗಿ ನುಂಗದ ತಿಂಗಳುಗಳು ಎಂದಿನ ಆರೈಕೆಯಲ್ಲಿ ನೂರಕ್ಕೆ 29.9 ಇದ್ದರೆ, ಬರೀ ಎಸ್ಸೆಮ್ಮೆಸ್ ಪಡೆದವರಲ್ಲಿ 27.3 ಇದ್ದವು. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಮುಚ್ಚಳ ತೆರೆದದ್ದನ್ನು ದಾಖಲಿಸಿ ಜ್ಞಾಪಿಸುವ ಔಷಧ ಪೆಟ್ಟಿಗೆ ಕೊಟ್ಟಲ್ಲಿ ಅದು 17ಕ್ಕೆ ಇಳಿಯಿತು. ಆ ಪೆಟ್ಟಿಗೆಯ ದಾಖಲೆಯನ್ನು ವೈದ್ಯರು ತಿಂಗಳಿಗೊಮ್ಮೆ ರೋಗಿಯ ಮುಂದೆಯೇ ತೆರೆದು ನೋಡುತ್ತಿದ್ದರು ಎಂಬುದನ್ನು ಮರೆಯಬಾರದು. ಕರಾಚಿಯಲ್ಲಿ ದಿನಾ ಎಸ್ಸೆಮ್ಮೆಸ್ ಕಳಿಸಿ ಉತ್ತರ ಕೇಳಿದರು. ತಿಂಗಳು ಕಳೆದಂತೆ ಉತ್ತರ ಕೊಡುವವರೇ ಕಡಿಮೆಯಾದರು, ಚಿಕಿತ್ಸೆಯ ಫಲಿತಾಂಶವೂ ಸುಧಾರಿಸಲಿಲ್ಲ. ನೈರೋಬಿಯಲ್ಲಿ ಮಾತ್ರ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆ ವಿಫಲವಾದವರ ಪ್ರಮಾಣ ನೂರಕ್ಕೆ 13.1ರಿಂದ 4.2ಕ್ಕೆ ಇಳಿಯಿತು. ಅಲ್ಲಿಯೂ ಸಾಮಾನ್ಯ ಫೋನೇ, ದಿನಾ ರೋಗಿಯೇ ಉತ್ತರ ಒತ್ತುವ ವ್ಯವಸ್ಥೆಯೇ. ಆದರೆ ಉತ್ತರ ಬಾರದಿದ್ದರೆ ಮತ್ತೆ ಜ್ಞಾಪನೆ, ಆಗಲೂ ಬಾರದಿದ್ದರೆ ಬೆಂಬಲಿಗರೊಬ್ಬರಿಂದ ನೇರ ಕರೆ. ಯಂತ್ರದ ಹಿಂದೆ ಮನುಷ್ಯರಿದ್ದರು. ಗೆದ್ದ ಪ್ರಯೋಗಕ್ಕೂ ಸೋತವುಗಳಿಗೂ ನಡುವಿನ ಅಂತರ ಅಲ್ಲಿದೆ ಎಂಬುದು ನಮ್ಮ ಓದು.

ನಮ್ಮಲ್ಲಿ ಆಗುತ್ತಿರುವುದು ಬೇರೆ. ಕ್ಯಾಲೆಂಡರಿನಲ್ಲಿ ಕರೆಯಿಂದ ಬಿದ್ದ ಗುರುತಲ್ಲದೆ ಸಿಬ್ಬಂದಿ ಕೈಯಾರೆ ಹಾಕುವ ಗುರುತಿಗೂ ಅವಕಾಶವಿದೆ. ರೋಗಿಯನ್ನು ವಿಚಾರಿಸಿ, ಉಳಿದ ಮಾತ್ರೆ ಎಣಿಸಿ ಹಾಕಿದರೆ ಅದು ಒಳ್ಳೆಯ ಸೌಲಭ್ಯ. ಪರ್ಸೆಂಟ್ ಕೇಳುವ ಮೀಟಿಂಗ್ ನಾಳೆ ಇದೆ ಎಂದಾಗ ಇವತ್ತು ರಾತ್ರಿ ಮೂವತ್ತು ದಿನದ ಗುರುತು ಒಟ್ಟಿಗೆ ಬೀಳುತ್ತದೆ. ಹಾಕಿದವರನ್ನು ಬೈದು ಫಲವಿಲ್ಲ, ಅವರು ಉತ್ತರಿಸುತ್ತಿರುವುದು ತಾವು ಕೇಳುತ್ತಿರುವ ಪ್ರಶ್ನೆಗೇ. ಒಂದು ಸಣ್ಣ ಬದಲಾವಣೆ ಮಾಡಿಸಿ: ಏಳು ದಿನಕ್ಕಿಂತ ಹಳೆಯ ದಿನಾಂಕಕ್ಕೆ ಕೈಯಾರೆ ಗುರುತು ಹಾಕುವಾಗ "ಮಾತ್ರೆ ಎಣಿಸಿದೆವು", "ಫೋನಿನಲ್ಲಿ ಕೇಳಿದೆವು", "ಮನೆಗೆ ಹೋದೆವು" ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಹಾಗೆಯೇ ಜಿಲ್ಲಾ ವರದಿಯಲ್ಲಿ ಕರೆಯ ಗುರುತು ಮತ್ತು ಕೈ ಗುರುತು ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡಬೇಡಿ.

ಎಣಿಸುವುದು ಕಷ್ಟವೇನಲ್ಲ. 28 ಮಾತ್ರೆಯ ಒಂದು ಸ್ಟ್ರಿಪ್ ದಿನಕ್ಕೆ 4 ನುಂಗುವವರಿಗೆ ಸರಿಯಾಗಿ 7 ದಿನ ಬರುತ್ತದೆ. 2 ನುಂಗುವವರಿಗೆ 14 ದಿನ. 3 ನುಂಗುವವರಿಗೆ 9 ದಿನವಾಗಿ ಒಂದು ಮಾತ್ರೆ ಉಳಿಯುತ್ತದೆ, 5 ನುಂಗುವವರಿಗೆ 5 ದಿನವಾಗಿ ಮೂರು ಉಳಿಯುತ್ತವೆ. ಗೊಂದಲವಾಗುವುದು ಈ ಕೊನೆಯ ಎರಡು ಗುಂಪುಗಳಲ್ಲೇ: ಒಂದು ದಿನದ ಡೋಸ್ ಎರಡು ಸ್ಟ್ರಿಪ್ಪಿಗೆ ಹಂಚಿಹೋಗುತ್ತದೆ, ಆ ದಿನ ಯಾವ ನಂಬರಿಗೆ ಕರೆ ಮಾಡಬೇಕೆಂದು ರೋಗಿಗೆ ತಿಳಿಯುವುದಿಲ್ಲ. ಮಾತ್ರೆ ಕೊಡುವ ದಿನವೇ ಸ್ಟ್ರಿಪ್ಪಿನ ಮೇಲೆ ದಿನದ ಪಾಲಿಗೆ ಪೆನ್ನಿನಿಂದ ಗೆರೆ ಎಳೆದುಕೊಟ್ಟರೆ ಸಾಕು.

ಮೊದಲ ದಿನಕ್ಕೆ ಕಾಲು ಗಂಟೆಯಾದರೂ ಕೊಡಿ. ರೋಗಿಯ ಕೈಯಲ್ಲಿರುವ ಫೋನಿನಿಂದಲೇ ಆರೋಗ್ಯ ಕೇಂದ್ರದ ಫೋನಿಗೆ ಒಂದು ಕರೆ ಮಾಡಿಸಿ, ಪರದೆಯ ಮೇಲೆ ಬಂದ ನಂಬರನ್ನೇ ದಾಖಲಿಸಬೇಕು. ಬಾಯಲ್ಲಿ ಹೇಳಿದ ನಂಬರನ್ನು ಬರೆದುಕೊಂಡರೆ ಒಂದು ಅಂಕಿ ಹಿಂದುಮುಂದಾಗಿ ಆರು ತಿಂಗಳು ಬೇರೆ ಯಾರಿಗೋ ಸಂದೇಶ ಹೋಗುತ್ತದೆ. ಎರಡು ಸಿಮ್ ಇದ್ದರೆ ಎರಡರಿಂದಲೂ ಕರೆ ಮಾಡಿಸಿ ಎರಡನ್ನೂ ಸೇರಿಸಬೇಕು. ಮನೆಯ ಇನ್ನೊಬ್ಬರ ನಂಬರನ್ನು ರೋಗಿ ಒಪ್ಪಿದರೆ ಮಾತ್ರ ಸೇರಿಸಬೇಕು, ನಿಕ್ಷಯ್‌ನಲ್ಲಿ ಒಂದಕ್ಕಿಂತ ಹೆಚ್ಚು ನಂಬರಿಗೆ ಜಾಗವಿದೆ. ಮೊದಲ ಡೋಸನ್ನು ಅಲ್ಲೇ ನುಂಗಿಸಿ, ಅಲ್ಲೇ ಕರೆ ಮಾಡಿಸಿ, ಕ್ಯಾಲೆಂಡರಿನಲ್ಲಿ ಗುರುತು ಬಿದ್ದದ್ದನ್ನು ತೋರಿಸಬೇಕು. ಆಮೇಲೆ ಮೂರು ಪ್ರಶ್ನೆ: ಫೋನು ಹಗಲು ಯಾರ ಹತ್ತಿರ ಇರುತ್ತದೆ? ಯಾವ ಹೊತ್ತಿಗೆ ಜ್ಞಾಪಿಸಬೇಕು? ಕರೆಯನ್ನು ಬೇರೆಯವರು ಎತ್ತಿದರೆ ನಾವು ಯಾರೆಂದು ಹೇಳಬೇಕು? ಮೂರನೆಯದನ್ನು ಯಾವ ಫಾರ್ಮೂ ಕೇಳುವುದಿಲ್ಲ. ಮದುವೆ ಗೊತ್ತಾಗಿರುವ ಹುಡುಗಿಗೆ, ಬಾಡಿಗೆ ರೂಮಿನಲ್ಲಿ ನಾಲ್ವರೊಡನೆ ಇರುವ ಹುಡುಗನಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಸಂದೇಶದಲ್ಲಿ "ಟಿಬಿ", "ಕ್ಷಯ" ಎಂಬ ಪದಗಳೇ ಇರಬಾರದು. ಉದ್ದವೂ ಇರಬಾರದು, ಅದಕ್ಕೊಂದು ತಾಂತ್ರಿಕ ಕಾರಣವಿದೆ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸಿದರೆ, ಯೂನಿಕೋಡ್ ಕನ್ನಡದಲ್ಲಿ ಹಿಡಿಸುವುದು 70. ಅದರಲ್ಲೂ ಸ್ವರಚಿಹ್ನೆ, ಹಲಂತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. "ಮಾತ್ರೆ" ನಮ್ಮ ಕಣ್ಣಿಗೆ ಎರಡಕ್ಷರ, ಎಸ್ಸೆಮ್ಮೆಸ್ಸಿಗೆ ಆರು. "ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ" ಎಂದು ಬರೆದರೆ ಅಲ್ಲಿಗೇ 32 ಮುಗಿಯಿತು. 70 ದಾಟಿದರೆ ಸಂದೇಶ ತುಂಡಾಗುತ್ತದೆ, ಖರ್ಚು ಇಮ್ಮಡಿಯಾಗುತ್ತದೆ, ಹಳೆಯ ಸೆಟ್‌ಗಳಲ್ಲಿ ತುಂಡುಗಳು ಹಿಂದುಮುಂದಾಗಿ ಬರುವುದೂ ಉಂಟು. "ನಮಸ್ಕಾರ. ಇಂದಿನ ಮಾತ್ರೆ ಆಯಿತೇ? ಆಗಿದ್ದರೆ ಮಿಸ್ಡ್ ಕಾಲ್ ಕೊಡಿ." ಇದು 55ರಲ್ಲಿ ಮುಗಿಯುತ್ತದೆ. "ಮಾತ್ರೆ" ಎಂಬುದೂ ಬೇಡ ಎನ್ನುವ ರೋಗಿಗೆ "ಇಂದಿನ ಕೆಲಸ ಆಯಿತೇ?" ಎಂದರೂ ಸಾಕು. ಹೀಗೆ ಕಳಿಸುವ ಪ್ರತಿ ಒಕ್ಕಣೆಯನ್ನೂ ಟೆಲಿಕಾಂ ನಿಯಮದಂತೆ ಮೊದಲೇ ನೋಂದಾಯಿಸಿರಬೇಕು. ಆದ್ದರಿಂದ ಎರಡು ಮೂರು ಬಗೆಯ ಒಕ್ಕಣೆಗಳನ್ನು ಆರಂಭದಲ್ಲೇ ನೋಂದಾಯಿಸಿಡಿ, ಆಮೇಲೆ ಬದಲಿಸಲು ಹೊರಟರೆ ಕಾಯಬೇಕಾಗುತ್ತದೆ. ಕನ್ನಡ ಫಾಂಟ್ ಇಲ್ಲದ ಕೀಪ್ಯಾಡ್ ಫೋನಿನಲ್ಲಿ ಕಾಣುವುದು ಬರೀ ಚೌಕಗಳು, ಅಂಥವರಿಗೂ ಓದು ಬಾರದವರಿಗೂ ಧ್ವನಿ ಕರೆಯೇ ಸರಿ. ಆ ಧ್ವನಿ ವಾರ್ತೆ ಓದುವ ಕನ್ನಡದಲ್ಲಿರಬಾರದು. ಕಲಬುರಗಿಗೆ ಅಲ್ಲಿಯ ಮಾತು, ಮಂಗಳೂರಿನ ಕಡೆ ಬೇಕಾದವರಿಗೆ ತುಳು ಮತ್ತು ಬ್ಯಾರಿ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ದುಡಿಯಲು ಬಂದ ಅಸ್ಸಾಮಿನವರಿಗೆ ಅವರ ಭಾಷೆ ಇರಲಿ. ಕರೆ ಯಾವಾಗಲೂ ಒಂದೇ ನಂಬರಿನಿಂದ ಬರಲಿ, ಮೊದಲ ದಿನವೇ ಅದನ್ನು ರೋಗಿಯ ಫೋನಿನಲ್ಲಿ ಸೇವ್ ಮಾಡಿಕೊಡಿ. ವಂಚನೆಯ ಕರೆಗಳ ಈ ಕಾಲದಲ್ಲಿ ಗುರುತಿಲ್ಲದ ನಂಬರನ್ನು ಎತ್ತದಿರುವುದು ವಿವೇಕವೇ.

ಕರೆ ನಿಂತ ಮೇಲೆ ಏನು? ನಮ್ಮ ಸಲಹೆ ಹೀಗಿದೆ. ಒಂದು ದಿನ ತಪ್ಪಿದರೆ ಸಂಜೆ ಯಂತ್ರದ ಜ್ಞಾಪನೆ ಸಾಕು. ಎರಡನೇ ದಿನವೂ ತಪ್ಪಿದರೆ ಮನುಷ್ಯರೇ ಕರೆ ಮಾಡಬೇಕು. ಮೊದಲ 56 ಡೋಸಿನೊಳಗಿದ್ದರೆ ಮೂರನೇ ದಿನ ಮನೆಗೆ ಹೋಗಬೇಕು, ಆಮೇಲಿನ ಹಂತದಲ್ಲಾದರೆ ಒಂದು ವಾರದೊಳಗೆ. ಚಿಕಿತ್ಸೆ ಒಂದು ತಿಂಗಳು ನಿಂತರೆ ನಮ್ಮ ಕಾರ್ಯಕ್ರಮದ ಲೆಕ್ಕದಲ್ಲಿ ಆ ರೋಗಿ ಕೈತಪ್ಪಿದಂತೆ, ಆ ಗೆರೆ ಬರುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಕುಡಿತ, ಸಕ್ಕರೆ ಕಾಯಿಲೆ, ಎಚ್‌ಐವಿ, ಹಿಂದೊಮ್ಮೆ ಚಿಕಿತ್ಸೆ ಬಿಟ್ಟ ಇತಿಹಾಸ ಇರುವವರನ್ನು ಮೊದಲಿನಿಂದಲೇ ಬೇರೆ ಪಟ್ಟಿಯಲ್ಲಿಡಿ. ಅವರಿಗೆ ಕರೆ ಬಂದರೂ ವಾರಕ್ಕೊಮ್ಮೆ ಮಾತಾಡಿಸಬೇಕು.

ಮಾತಾಡಿಸುವ ಬಗೆಯಲ್ಲೇ ಅರ್ಧ ಕೆಲಸ ನಿಂತಿದೆ. "ಯಾಕೆ ನುಂಗಿಲ್ಲ?" ಎಂದು ಶುರು ಮಾಡಿದರೆ "ನುಂಗೀನಿ ಮೇಡಂ" ಎಂಬ ಉತ್ತರ ಸಿದ್ಧವಾಗಿರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆಶಾ ಕಾರ್ಯಕರ್ತೆ ಹೀಗೆ ಕೇಳಲಿ: "ಅಣ್ಣಾ, ಊಟ ಆಯ್ತಾ? ಮಾತ್ರೆ ಎಷ್ಟು ಉಳ್ದದೆ ಸ್ವಲ್ಪ ನೋಡಿ ಹೇಳ್ತೀರಾ? ನುಂಗಿದ ಮೇಲೆ ವಾಂತಿ, ಸಂಕಟ ಏನಾದ್ರೂ ಆಗ್ತದಾ? ಫೋನಿಗೆ ಕರೆನ್ಸಿ ಇದೆಯಾ?" ಉಳಿದ ಮಾತ್ರೆಯ ಸಂಖ್ಯೆ ಗೊತ್ತಾದರೆ ಮಿಕ್ಕ ಲೆಕ್ಕ ಆಶಾ ಅವರೇ ಹಾಕಿಕೊಳ್ಳಬಹುದು. ಉತ್ತರದಲ್ಲಿ ಬಹಳ ಸಲ ಬರುವುದು ಹಣದ ಮಾತು: ರೋಗಿಯ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ದುಡ್ಡು ಬಂದಿಲ್ಲ. 2024ರ ನವೆಂಬರಿನಿಂದ ತಿಂಗಳಿಗೆ 500 ಇದ್ದದ್ದು 1,000 ರೂಪಾಯಿ ಆಗಿದೆ, ಮೂರು ಸಾವಿರದ ಕಂತಿನಲ್ಲಿ ಬರಬೇಕು. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕ್‌ಗಳ ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ತುಂಬಿದರೆ ಹಣ ಹೋಗುವುದಿಲ್ಲ ಎಂಬುದು ನಮ್ಮ ಕರಾವಳಿ ಜಿಲ್ಲೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತು. ಆ ದೂರನ್ನು ಬರೆದುಕೊಂಡು ಯಾರಿಗೆ ಕಳಿಸಬೇಕೆಂದು ಕರೆ ಮಾಡುವವರಿಗೆ ತಿಳಿದಿರಬೇಕು. ಕೇಳಿ ಸುಮ್ಮನಾದರೆ ಮುಂದಿನ ಕರೆಯನ್ನು ರೋಗಿ ಎತ್ತುವುದಿಲ್ಲ.

ಔಷಧದ ಅಡ್ಡಪರಿಣಾಮಗಳಲ್ಲಿ ಕರೆ ಮಾಡುವವರಿಗೆ ಬಾಯಿಪಾಠವಾಗಿರಬೇಕಾದವು ಕೆಲವೇ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್ನಿನ ಬಣ್ಣ, ಹೆದರಬೇಕಿಲ್ಲ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದುಕೊಂಡು ಮಾತ್ರೆ ಬಿಟ್ಟವರಿದ್ದಾರೆ. ಕಾಲು ಜುಮುಜುಮು ಎಂದರೆ, ಕೀಲು ನೋವಾದರೆ ಮಾತ್ರೆ ನಿಲ್ಲಿಸದೆ ವೈದ್ಯರನ್ನು ಕಾಣಬೇಕು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಬಣ್ಣ ಗುರುತಿಸಲು ತಡವರಿಸಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ವೈದ್ಯರು ನೋಡುವ ತನಕ ಮುಂದಿನ ಡೋಸ್ ಬೇಡ. ಈ ಕೊನೆಯ ಸಂದರ್ಭದಲ್ಲಿ ಮಾತ್ರೆ ನಿಲ್ಲಿಸಿದ ರೋಗಿಗೆ ಯಂತ್ರ ಸಂಜೆ ಮತ್ತೆ "ಮಾತ್ರೆ ಆಯಿತೇ" ಎಂದು ಕೇಳಬಾರದು. ಜ್ಞಾಪನೆಯನ್ನು ತಾತ್ಕಾಲಿಕವಾಗಿ ತಡೆಯುವ ಅಧಿಕಾರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮಟ್ಟದಲ್ಲೇ ಇರಲಿ.

ಗುಳೆ ಹೋಗುವವರ ವಿಷಯ ಪ್ರತ್ಯೇಕ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರು, ಪುಣೆ, ಗೋವಾಕ್ಕೆ ಹೋದವರ ಸಿಮ್ ಬದಲಾಗುತ್ತದೆ, ದಾಖಲೆ ಹಳ್ಳಿಯಲ್ಲೇ ಉಳಿಯುತ್ತದೆ. ನಿಕ್ಷಯ್‌ನಲ್ಲಿ ವರ್ಗಾವಣೆಗೆ ದಾರಿಯಿದೆ, ಆದರೆ ಆ ಕಡೆಯ ಕೇಂದ್ರ ಒಪ್ಪಿಕೊಳ್ಳುವ ತನಕ ರೋಗಿ ಇಬ್ಬರ ಪಟ್ಟಿಯಲ್ಲೂ ಇದ್ದು ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಹೊರಡುವ ಮುನ್ನ ನಿಕ್ಷಯ್ ಐಡಿಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಅದರ ಫೋಟೋ ರೋಗಿಯ ಫೋನಿನಲ್ಲಿದ್ದರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಮಾತ್ರೆ ಕೇಳಬಹುದು. ನಿಕ್ಷಯ್ ಸಂಪರ್ಕದ ಉಚಿತ ಸಹಾಯವಾಣಿ 1800-11-6666 ಅನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಹಳೆಯ ಸಿಮ್ ಬಂದ್ ಆಗಿ 90 ದಿನ ಕಳೆದ ಮೇಲೆ ಅದೇ ನಂಬರ್ ಇನ್ನೊಬ್ಬರಿಗೆ ಹೋಗಬಹುದು, ಆಮೇಲೆ ರೋಗಿಯ ಸಂದೇಶವೆಲ್ಲ ಅಪರಿಚಿತರ ಪಾಲು. ಪ್ರತಿ ಸಲ ಮಾತ್ರೆ ಕೊಡುವಾಗ "ನಂಬರ್ ಇದೇನಾ?" ಎಂದು ಕೇಳುವುದು ಅರ್ಧ ನಿಮಿಷದ ಕೆಲಸ.

ಔಷಧಕ್ಕೆ ಬಗ್ಗದ ಟಿಬಿಯವರಿಗೆ ದೀಪ ಮಿನುಗಿಸಿ, ಸದ್ದು ಮಾಡಿ ಜ್ಞಾಪಿಸುವ ಪೆಟ್ಟಿಗೆ ಕೊಡುವ ಕ್ರಮ ಕೆಲವೆಡೆ ಇದೆ. ಪೆಟ್ಟಿಗೆ ದೊಡ್ಡದು, ಮುಚ್ಚಿಡಲು ಜಾಗವಿಲ್ಲದ ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೇಕೋ ಬೇಡವೋ ರೋಗಿಯೇ ಹೇಳಲಿ. ಮಾತ್ರೆ ನುಂಗುವುದರ ವಿಡಿಯೋ ಕಳಿಸುವ ಪದ್ಧತಿಗೂ ಇದೇ ಮಾತು.

ಕೊನೆಗೆ ಆದೇಶದ ರೂಪದಲ್ಲಿ ತಮ್ಮಿಂದ ಬರಬೇಕಾದವು. ಪ್ರತಿ ಟಿಬಿ ಯೂನಿಟ್ಟಿಗೆ ಇಲಾಖೆಯದೇ ಒಂದು ಫೋನು, ಇಲಾಖೆಯೇ ರೀಚಾರ್ಜ್ ಮಾಡಿಸುವ ಸಿಮ್ ಕೊಡಿ. ಎಸ್‌ಟಿಎಸ್ (ಹಿರಿಯ ಚಿಕಿತ್ಸಾ ಮೇಲ್ವಿಚಾರಕರು) ಮತ್ತು ಆಶಾ ಕಾರ್ಯಕರ್ತೆಯರ ಸ್ವಂತ ನಂಬರಿನಿಂದ ನಡೆಯುವ ವ್ಯವಸ್ಥೆ ಅವರ ವರ್ಗಾವಣೆಯೊಂದಿಗೆ ಮುಗಿಯುತ್ತದೆ. ಚಿಕಿತ್ಸೆ ಪೂರ್ತಿ ಮುಗಿದ ಮೇಲೆ, ರೋಗಿಯ ಮಾತ್ರೆ ಸೇವನೆ ನೋಡಿಕೊಳ್ಳುವ ಬೆಂಬಲಿಗರಿಗೆ ಸಿಗುವ 1,000 ರೂಪಾಯಿಗೆ ಆರು ತಿಂಗಳು ಕಾಯಿಸುವ ಬದಲು, ಕರೆ ನಿಂತಾಗ ಹೋದ ಒಂದೊಂದು ಮನೆ ಭೇಟಿಗೂ ರಾಜ್ಯದ ನಿಧಿಯಿಂದ ಪ್ರಯಾಣಭತ್ಯೆ ಕೊಡಿ. ಫೋನ್ ಕರೆ ಬಂದಿಲ್ಲವೆಂಬ ಕಾರಣಕ್ಕೆ ಯಾರ ಪೋಷಣೆ ಹಣವನ್ನೂ ತಡೆಯುವಂತಿಲ್ಲ, ಯಾರಿಗೂ ಮಾತ್ರೆ ಕೊಡಲು ಸತಾಯಿಸುವಂತಿಲ್ಲ ಎಂದು ಲಿಖಿತವಾಗಿ ತಿಳಿಸಿ. ಫೋನೇ ಇಲ್ಲದವರು, ಫೋನ್ ಬೇಡವೆನ್ನುವವರು ಆಶಾ ಅವರ ಎದುರು ಅಥವಾ ತಾವು ಆರಿಸಿದ ಯಾರದಾದರೂ ಎದುರು ಮಾತ್ರೆ ನುಂಗುವ ಹಳೆಯ ದಾರಿ ಹಾಗೇ ತೆರೆದಿರಲಿ.

ಭಾರತದಲ್ಲಿ ಲಕ್ಷ ಜನಕ್ಕೆ ಹೊಸ ಟಿಬಿ ರೋಗಿಗಳು 2015ರಲ್ಲಿ 237 ಇದ್ದವರು 2024ರಲ್ಲಿ 187ಕ್ಕೆ ಇಳಿದಿದ್ದಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2025ಕ್ಕೆ ನಿರ್ಮೂಲನೆ ಎಂಬ ಗುರಿಗೆ ಇದು ಎಟುಕಲಿಲ್ಲ. ಹೊಸ ಗಡುವಿನೊಡನೆ ಹೊಸ ಆ್ಯಪ್, ಹೊಸ ಡ್ಯಾಶ್‌ಬೋರ್ಡ್ ಬರುವ ಸಾಧ್ಯತೆಯಿದೆ. ಅದಕ್ಕೆ ಮುನ್ನ ಒಂದು ಜಿಲ್ಲೆಯಲ್ಲಿ, ಮೂರು ತಿಂಗಳ ಮಟ್ಟಿಗೆ, ರಿವ್ಯೂ ನಮೂನೆಯಿಂದ ಪರ್ಸೆಂಟ್ ಕಾಲಂ ತೆಗೆದು ಈ ನಾಲ್ಕನ್ನು ಸೇರಿಸಿ ನೋಡಿ: ಎರಡು ದಿನ ಕರೆ ನಿಂತವರು ಎಷ್ಟು, ಅವರಲ್ಲಿ 48 ಗಂಟೆಯೊಳಗೆ ಸಂಪರ್ಕಿಸಿದ್ದು ಎಷ್ಟು, ಮಾತ್ರೆ ನುಂಗಿಯೂ ಕರೆ ಮಾಡದವರು ಎಷ್ಟು, ನುಂಗದವರಲ್ಲಿ ಕಾರಣ ಏನೇನು. ಮೂರನೇ ಅಂಕಿ ದೊಡ್ಡದಿದ್ದರೆ ಸಿಮ್, ನಂಬರ್, ಕವಚ ಸರಿಪಡಿಸಬೇಕು. ನಾಲ್ಕನೆಯದರಲ್ಲಿ "ಮಾತ್ರೆ ಸಿಗಲಿಲ್ಲ" ಎಂಬ ಉತ್ತರ ಕಂಡರೆ ರೋಗಿಗೆ ಕರೆ ಮಾಡುವುದನ್ನು ಬಿಟ್ಟು ಮೊದಲು ಔಷಧ ಉಗ್ರಾಣಕ್ಕೆ ಕರೆ ಮಾಡಿಸಿ.

ಇಂತಿ,
ಟಿಬಿ ಚಿಕಿತ್ಸಾ ಬೆಂಬಲ ಮತ್ತು ಡಿಜಿಟಲ್ ಆರೋಗ್ಯ ಕೆಲಸದಲ್ಲಿ ತೊಡಗಿರುವವರು